ಖಾತೆಯಲ್ಲಿ ಹರಿದ ರೊಕ್ಕ ಆದಾಯ ಅಲ್ಲ ಸ್ವಾಮಿ

ಲೆಕ್ಕ ಬರೆಯುವ ನನ್ನ ಮೇಜಿಗೆ ಇವತ್ತು ಮತ್ತೊಂದು ವೀಸಾ ಫೈಲು ತಿರಸ್ಕಾರದ ಪತ್ರದ ಜೊತೆ ವಾಪಸ್ ಬಂತು. ದಾವಣಗೆರೆ ಎಪಿಎಂಸಿಯಲ್ಲಿ ದಲಾಲಿ ಮಂಡಿ ಇಟ್ಟವರು, ಇಪ್ಪತ್ತು ವರ್ಷದ ವ್ಯವಹಾರ. ಇಂಗ್ಲೆಂಡಿನಲ್ಲಿರುವ ಮಗಳನ್ನು, ಮೊಮ್ಮಗುವನ್ನು ನೋಡಿ ಬರಬೇಕಿದ್ದ ಗಂಡ ಹೆಂಡತಿ. ಉಳಿತಾಯ ಖಾತೆಯ ಸ್ಟೇಟ್‌ಮೆಂಟ್ ತಿರುವಿದರೆ ಕಾರಣ ಅಲ್ಲೇ ಇದೆ. ಐದು ತಿಂಗಳು ಬ್ಯಾಲೆನ್ಸ್ 40 ಸಾವಿರ ದಾಟಿಲ್ಲ. ಅರ್ಜಿ ಹಾಕುವ ಹಿಂದಿನ ವಾರ ಮೂರು ಮಂದಿಯಿಂದ ಮೂರು ಮೂರು ಲಕ್ಷ ಬಂದು ಕೂತಿದೆ. ಕೈಗಡ! ಹೊಟ್ಟೆ ಉರಿಯೋದು ಯಾಕೆಂದರೆ ಇವರಿಗೆ ಕೈಗಡದ ಅಗತ್ಯವೇ ಇರಲಿಲ್ಲ. ನಿಜವಾದ ಆದಾಯ ಇತ್ತು. ಅದನ್ನು ತೋರಿಸುವ ಕಾಗದ ಯಾವುದು ಅಂತ ಯಾರೂ ಹೇಳಿಕೊಡಲಿಲ್ಲ.

ಬ್ರಿಟನ್ನಿನ ವಿಸಿಟರ್ ವೀಸಾಕ್ಕೆ ಇಷ್ಟು ಲಕ್ಷ ಬ್ಯಾಲೆನ್ಸ್ ಇರಲೇಬೇಕು ಅನ್ನೋ ನಿಯಮ ಇಲ್ಲ. ಅಧಿಕಾರಿ ನೋಡೋದು ಎಷ್ಟಿದೆ ಅನ್ನೋದಕ್ಕಿಂತ ಎಲ್ಲಿಂದ ಬಂತು ಅನ್ನೋದನ್ನ. ಸಂಬಳದವರಿಗೆ ಇದು ಸುಲಭ, ತಿಂಗಳು ತಿಂಗಳು ಒಂದೇ ಕಡೆಯಿಂದ ಜಮಾ ಆಗುತ್ತೆ. ಸ್ವಂತ ವ್ಯಾಪಾರದವರು ಆ ದಾರಿಯನ್ನು ಕಾಗದದ ಮೇಲೆ ತಾವೇ ಕಟ್ಟಿಕೊಡಬೇಕು. ಆದಾಯ ತೆರಿಗೆ ರಿಟರ್ನ್, ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಈ ಮೂರೂ ಒಂದೇ ಮಾತು ಹೇಳಬೇಕು. ಹೇಳದಿದ್ದರೆ ಯಾಕೆ ಹೇಳುತ್ತಿಲ್ಲ ಅಂತ ಅರ್ಜಿಯ ಜೊತೆಗಿನ ಪತ್ರದಲ್ಲಿ ನೀವೇ ಬರೆಯಬೇಕು.

ದಲಾಲಿ ಮಂಡಿಯನ್ನೇ ತಗೊಳ್ಳಿ. ರೈತ ಮೆಕ್ಕೆಜೋಳ ತರುತ್ತಾನೆ, ಖರೀದಿದಾರರ 4 ಲಕ್ಷ ನಿಮ್ಮ ಕರೆಂಟ್ ಖಾತೆಗೆ ಬರುತ್ತೆ, ಅಲ್ಲಿಂದ ರೈತನಿಗೆ ಹೋಗುತ್ತೆ. ಕಮಿಷನ್ ನೂರಕ್ಕೆ 2 ಅಂತ ಹಿಡಿದರೆ ನಿಮ್ಮ ಪಾಲು 8 ಸಾವಿರ. ವರ್ಷಕ್ಕೆ 4 ಕೋಟಿ ಓಡಾಡಿದ ಖಾತೆ, ರಿಟರ್ನಿನಲ್ಲಿ ಖರ್ಚು ಕಳೆದು 5 ಲಕ್ಷ ಆದಾಯ. ಸರಿಯಾದ ಲೆಕ್ಕವೇ. ಆದರೆ ದಲಾಲಿ ವ್ಯವಹಾರ ಅಂದರೇನು ಅಂತ ವೀಸಾ ಅಧಿಕಾರಿಗೆ ಗೊತ್ತಿರಬೇಕಾಗಿಲ್ಲ. ಎರಡು ಸಾಲಿನ ವಿವರಣೆ, ಎಪಿಎಂಸಿ ಲೈಸೆನ್ಸ್, ಒಂದೆರಡು ಲೆಕ್ಕಪಟ್ಟಿಯ ನಕಲು ಇಟ್ಟರೆ ಗೊತ್ತಾಗುತ್ತೆ. ಇಡದಿದ್ದರೆ 4 ಕೋಟಿಗೂ 5 ಲಕ್ಷಕ್ಕೂ ಸಂಬಂಧವೇ ಇಲ್ಲದಂತೆ ಕಾಣುತ್ತೆ. ಇನ್ನೊಂದು ಮಾತು: ಶೇಕಡಾ 6 ಅಥವಾ 8 ಲಾಭ ಹಿಡಿದು ಐಟಿಆರ್-4 ಅನ್ನೋ ರಿಟರ್ನ್ ಫಾರ್ಮ್ ಹಾಕುವ ಅಂದಾಜು ಯೋಜನೆ ಕಮಿಷನ್ ಆದಾಯಕ್ಕೆ ಅನ್ವಯಿಸೋದಿಲ್ಲ. ಕಂಪನಿ ಡೈರೆಕ್ಟರ್ ಆದವರೂ ಐಟಿಆರ್-4 ಹಾಕುವ ಹಾಗಿಲ್ಲ. ತಪ್ಪು ಫಾರ್ಮಿನ ರಿಟರ್ನ್ ಜೋಡಿಸಿದರೆ ಬುಡವೇ ಸಡಿಲ.

ನಮ್ಮ ಕಡೆ ರೈಸ್ ಮಿಲ್ಲು, ಮಂಡಿಗಳು ಬಹುಪಾಲು ಸಿಸಿ ಖಾತೆಯ, ಅಂದರೆ ಮಿತಿಯೊಳಗೆ ಬೇಕಾದಾಗ ಸಾಲ ಎತ್ತುವ ಬ್ಯಾಂಕ್ ಖಾತೆಯ ಮೇಲೆ ನಡೆಯುತ್ತವೆ. ಆ ಖಾತೆಯಲ್ಲಿ ಬ್ಯಾಲೆನ್ಸ್ ಯಾವಾಗಲೂ ಮೈನಸ್. ಬ್ಯಾಂಕಿನ ಸ್ಯಾಂಕ್ಷನ್ (ಸಾಲ ಮಂಜೂರಾತಿ) ಪತ್ರ ಇಲ್ಲದೆ ಅದನ್ನು ಕೊಟ್ಟರೆ ಸಾಲದಲ್ಲಿ ಮುಳುಗಿದವರ ಹಾಗೆ ಕಾಣುತ್ತೀರಿ. ಇಲ್ಲಿ ಕೈ ಹಿಡಿಯೋದು ಕ್ಯಾಪಿಟಲ್ ಅಕೌಂಟ್, ಅಂದರೆ ಮಾಲೀಕನ ಬಂಡವಾಳದ ಲೆಕ್ಕ. ಒಂದೇ ಪುಟ. ಮೇಲೆ ವರ್ಷಾರಂಭದ ಬಂಡವಾಳ, ಅದಕ್ಕೆ ಕೂಡಿದ ನಿವ್ವಳ ಲಾಭ, ಅದರಿಂದ ಕಳೆದ ಡ್ರಾಯಿಂಗ್ಸ್ (ಮಾಲೀಕ ತನಗೆ ಅಂತ ತೆಗೆದುಕೊಂಡ ಹಣ), ಕೆಳಗೆ ಉಳಿಕೆ. ಆ ಡ್ರಾಯಿಂಗ್ಸ್ ಮೊತ್ತ ತಿಂಗಳು ತಿಂಗಳು, ಉದಾಹರಣೆಗೆ 35 ಸಾವಿರದಂತೆ, ವ್ಯಾಪಾರದ ಖಾತೆಯಿಂದ ಉಳಿತಾಯ ಖಾತೆಗೆ ಹೋಗಿದ್ದರೆ ಎರಡೂ ಸ್ಟೇಟ್‌ಮೆಂಟಿನಲ್ಲಿ ಒಂದೇ ತಾರೀಖು, ಒಂದೇ ಮೊತ್ತ. ಇದಕ್ಕಿಂತ ಗಟ್ಟಿ ಪುರಾವೆ ಬೇರೆ ಇಲ್ಲ. ಆದರೆ ಮನೆ ಖರ್ಚಿಗೆ ಗಲ್ಲಾದಿಂದಲೇ ನಗದು ಎತ್ತುವ ರೂಢಿ ನಮ್ಮದು. ಹೀಗಾಗಿ ದಾರಿಯ ಗುರುತೇ ಇರೋದಿಲ್ಲ.

ಪಾಲುದಾರಿಕೆ ಫರ್ಮಿನವರಿಗೆ ಇನ್ನೊಂದು ತೊಡಕು. ಫರ್ಮು ತೆರಿಗೆ ಕಟ್ಟಿದ ಮೇಲೆ ಬರುವ ಲಾಭದ ಪಾಲು ಪಾಲುದಾರನ ಕೈಯಲ್ಲಿ ತೆರಿಗೆ ವಿನಾಯಿತಿ ಪಡೆದ ಆದಾಯ. ಅದು ರಿಟರ್ನಿನ ಅಕ್ನಾಲೆಜ್‌ಮೆಂಟ್ (ಸ್ವೀಕೃತಿ) ಪುಟದ ಒಟ್ಟು ಆದಾಯದಲ್ಲಿ ಕಾಣೋದೇ ಇಲ್ಲ. 12 ಲಕ್ಷ ಬಂದವರ ಪುಟದಲ್ಲಿ 3 ಲಕ್ಷ ಇರುತ್ತೆ. ಆ ಒಂದು ಪುಟ ಕೊಟ್ಟು ಸುಮ್ಮನಾಗಬೇಡಿ. ಪೂರ್ತಿ ರಿಟರ್ನ್, ಆದಾಯ ಲೆಕ್ಕ ಹಾಕಿದ ಕಂಪ್ಯುಟೇಶನ್ ಹಾಳೆ, ಪಾಲುದಾರಿಕೆ ಪತ್ರ, ಫರ್ಮಿನ ರಿಟರ್ನ್ ಎಲ್ಲಾ ಇಡಿ.

ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡವರಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕಂಪನಿಯ ರೊಕ್ಕ ನಿಮ್ಮ ರೊಕ್ಕ ಅಲ್ಲ. ಷೇರು ಪೂರ್ತಿ ನಿಮ್ಮದೇ ಮನೆಯಲ್ಲಿದ್ದರೂ ಅಲ್ಲ. ನಿಮ್ಮದು ಅಂದರೆ ಸಂಬಳ ಮತ್ತು ಡಿವಿಡೆಂಡ್, ಅಷ್ಟೇ. ಸಂಬಳಕ್ಕೆ ಕಂಪನಿ ಕೊಡುವ ಟಿಡಿಎಸ್ ಸರ್ಟಿಫಿಕೇಟ್ (ಫಾರ್ಮ್ 16), ಡಿವಿಡೆಂಡಿಗೆ ಕಂಪನಿಯ ನಿರ್ಣಯ, ಎರಡಕ್ಕೂ ನಿಮ್ಮ ಖಾತೆಯ ಜಮಾ. ವೀಸಾಕ್ಕೆ ಅಂತ ಕಂಪನಿ ಖಾತೆಯಿಂದ ಒಮ್ಮೆಲೇ 10 ಲಕ್ಷ ಎಳೆದುಕೊಂಡರೆ ಅದು ಡೈರೆಕ್ಟರಿಗೆ ಕೊಟ್ಟ ಸಾಲ ಆಗುತ್ತೆ. ಕಂಪನಿ ಕಾಯ್ದೆ ಅದನ್ನು ಸಾಮಾನ್ಯವಾಗಿ ಒಪ್ಪೋದಿಲ್ಲ, ಆದಾಯ ತೆರಿಗೆಯವರು ಅದನ್ನೇ ಡಿವಿಡೆಂಡ್ ಅಂತ ಎಣಿಸಬಹುದು. ಪ್ರವಾಸದ ಖರ್ಚು ಕಂಪನಿಯೇ ಕೊಡೋದಾದರೆ ಹಾಗಂತ ಬೋರ್ಡಿನ ನಿರ್ಣಯ ಮಾಡಿ, ಲೆಟರ್‌ಹೆಡ್ಡಿನ ಪತ್ರ ಇಡಿ. ಬ್ರಿಟನ್ನಿನಲ್ಲಿ ಸ್ವಂತ ಲಿಮಿಟೆಡ್ ಕಂಪನಿ ಇಟ್ಟುಕೊಂಡ ಅಳಿಯ ಹೆಂಡತಿಯನ್ನು ಕರೆಸಿಕೊಳ್ಳುವಾಗಲೂ ಇದೇ ತತ್ವ. 2024ರ ಏಪ್ರಿಲ್ 11ರಿಂದ ವರ್ಷಕ್ಕೆ 29,000 ಪೌಂಡ್ ಆದಾಯ ತೋರಿಸಬೇಕು, ಕಂಪನಿಯಲ್ಲೇ ಉಳಿದ ಲಾಭ ಅದರ ಲೆಕ್ಕಕ್ಕೆ ಬರೋದಿಲ್ಲ.

ಮಂಡಕ್ಕಿ ಭಟ್ಟಿಯವರು "ನಮಗೆ ಜಿಎಸ್‌ಟಿ ನಂಬರೇ ಇಲ್ಲ, ಏನು ತೋರಿಸೋಣ" ಅಂತಾರೆ. ಪ್ಯಾಕ್ ಮಾಡಿ ಲೇಬಲ್ ಹಚ್ಚದೆ ಬಿಡಿಯಾಗಿ ಮಾರುವ ಮಂಡಕ್ಕಿಗೆ ಜಿಎಸ್‌ಟಿ ವಿನಾಯಿತಿ ಇದೆ, ಅದೊಂದನ್ನೇ ಮಾರುವವರಿಗೆ ನೋಂದಣಿ ಬೇಕಿಲ್ಲ. ಹಾಗಂತ ಪತ್ರದಲ್ಲಿ ಬರೆಯಿರಿ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ, ಆಹಾರ ಲೈಸೆನ್ಸ್, ಪಾಲಿಕೆಯ ಉದ್ದಿಮೆ ಪರವಾನಗಿ, ಭತ್ತ ಖರೀದಿಯ ಬಿಲ್ಲುಗಳಿದ್ದರೆ ಸಾಕಷ್ಟಾಯಿತು. ಪರವಾನಗಿ ಕನ್ನಡದಲ್ಲಿದ್ದರೆ ಬ್ರಿಟನ್ನಿನ ಅರ್ಜಿಗೆ ಇಂಗ್ಲಿಷ್ ಅನುವಾದ ಬೇಕು. ಅದರ ಮೇಲೆ ಅನುವಾದ ಸರಿಯಿದೆ ಅನ್ನೋ ಮಾತು, ತಾರೀಖು, ಅನುವಾದಕರ ಪೂರ್ತಿ ಹೆಸರು, ಸಹಿ, ಸಂಪರ್ಕ ವಿವರ ಇರಬೇಕು. ಕರೆಂಟ್ ಖಾತೆ ಅಂಗಡಿ ಹೆಸರಿನಲ್ಲಿದ್ದರೆ ಮಾಲೀಕ ಯಾರು ಅಂತ ಬ್ಯಾಂಕಿನಿಂದ ಪತ್ರ ತಗೊಳ್ಳಿ. ಸಿಎ ಸರ್ಟಿಫಿಕೇಟಿನಲ್ಲಿ 18 ಅಂಕಿ-ಅಕ್ಷರಗಳ ಯುಡಿಐಎನ್ ಅನ್ನೋ ಗುರುತಿನ ಸಂಖ್ಯೆ ಇದೆಯಾ ನೋಡಿ, 2019ರ ಫೆಬ್ರವರಿ 1ರಿಂದ ಅದು ಕಡ್ಡಾಯ. ರಿಟರ್ನ್ ಹಾಕಿ 30 ದಿನದಲ್ಲಿ ವೆರಿಫೈ ಮಾಡದೆ ಬಿಟ್ಟಿದ್ದರೆ ಅದೂ ಲೆಕ್ಕಕ್ಕಿಲ್ಲ.

"ಏ ಬಿಡ್ರಿ, ನಮ್ಮ ಪಕ್ಕದ ಮನೆಯವರು ಕೈಗಡ ತೋರಿಸೇ ಹೋಗಿ ಬಂದ್ರು" ಅಂತ ಹೇಳುವವರಿದ್ದಾರೆ. ಹೋಗಿರಬಹುದು. ಅವರ ಫೈಲಿನಲ್ಲಿ ಬೇರೆ ಏನಿತ್ತು ನಿಮಗೆ ಗೊತ್ತಾ? ಕೈಗಡವನ್ನು ಸ್ವಂತ ಹಣ ಅಂತ ಬರೆಯೋದು ಸುಳ್ಳು. ಬ್ರಿಟನ್ ಅದನ್ನು ವಂಚನೆ ಅಂತ ತೀರ್ಮಾನಿಸಿದರೆ 10 ವರ್ಷ ಬಾಗಿಲು ಮುಚ್ಚುತ್ತೆ. ಮೊಮ್ಮಗು ಐದನೇ ಕ್ಲಾಸು ಓದುತ್ತಿರುತ್ತೆ ಅಷ್ಟೊತ್ತಿಗೆ.

ಲೆಕ್ಕ ಬರೆಯುವ ನಮ್ಮ ಕಸುಬಿನವರ ತಪ್ಪೂ ಇದರಲ್ಲಿದೆ. ಜುಲೈನಲ್ಲಿ ತೆರಿಗೆ ಉಳಿಸೋಣ ಅಂತ ಲಾಭ ಇಳಿಸಿ ತೋರಿಸೋದು, ವೀಸಾ ಅಂದಾಗ ಅದೇ ಸಾಹುಕಾರರಿಗೆ ದೊಡ್ಡ ಮೊತ್ತದ ನೆಟ್‌ವರ್ತ್ (ಸಾಲ ಕಳೆದ ಆಸ್ತಿ) ಸರ್ಟಿಫಿಕೇಟ್ ಹುಡುಕೋದು. ಆಸ್ತಿ ಬೇರೆ, ಆದಾಯ ಬೇರೆ ಅಂತ ಮೊದಲ ದಿನವೇ ಹೇಳಬೇಕಾದವರು ನಾವು.

ಆ ದಂಪತಿ ಮತ್ತೆ ಅರ್ಜಿ ಹಾಕಬಹುದು. ಹಿಂದಿನ ತಿರಸ್ಕಾರವನ್ನು ಮಾತ್ರ ಫಾರ್ಮಿನಲ್ಲಿ ಮುಚ್ಚಿಡದೆ ಬರೆಯಬೇಕು. ಮೊದಲು ಆ ಒಂಬತ್ತು ಲಕ್ಷ ಬಂದ ಖಾತೆಗಳಿಗೇ ವಾಪಸ್ ಹೋಗಲಿ. ಈ ತಿಂಗಳಿಂದ ಡ್ರಾಯಿಂಗ್ಸ್ ಬ್ಯಾಂಕಿನ ಮೂಲಕ ಶುರುವಾಗಲಿ. ಆರು ತಿಂಗಳ ಸ್ಟೇಟ್‌ಮೆಂಟ್ ತುಂಬಿದ ಮೇಲೆ ವೀಸಾ ಅರ್ಜಿಗೆ ಬೆಂಗಳೂರಿನ ಬಸ್ ಹತ್ತಿದರಾಯಿತು.