ಅನಿರೀಕ್ಷಿತ ಮಿರಗ

ನಮ್ಮ ಅಡುಗೆಮನೆ ಗೋಡೆಗೆ ಹೊಸ ಕ್ಯಾಲೆಂಡರು ಬರುವುದು ಜನವರಿಗೆ. ಅದರ ಜೂನ್ ಹಾಳೆಯಲ್ಲಿ, 7 ಇಲ್ಲವೇ 8ನೇ ತಾರೀಖಿನ ಮನೆಯೊಳಗೆ, ಮೃಗಶಿರಾ ಮಳೆ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಪಕ್ಕದಲ್ಲೇ ಆ ಸಲ ಮಳೆರಾಯ ಏರಿ ಬರುವ ವಾಹನ: ನರಿ, ಕಪ್ಪೆ, ಕೋಣ, ಕತ್ತೆ, ಏನೋ ಒಂದು. ನಮ್ಮ ಸೀಮೆಯ ರೈತ ಇದಕ್ಕೆ ಮಿರಗ ಅನ್ನುತ್ತಾನೆ. ಅಷ್ಟರೊಳಗೆ ಬೀಜ ತಂದಿಟ್ಟು, ಕೂರಿಗೆ ಸಜ್ಜು ಮಾಡಿ ಮುಗಿಲು ನೋಡುತ್ತ ಕೂತಿರುತ್ತಾನೆ. ಕೊಡೆ ರಿಪೇರಿಯವನಿಗೂ ಇದು ಗೊತ್ತು. ಬಿಸಿಲಿರುವಾಗಲೇ ಹಪ್ಪಳ ಸಂಡಿಗೆ ಒಣಗಿಸಿ ಡಬ್ಬಿ ತುಂಬಿದ ಓಣಿಯ ಹೆಣ್ಣುಮಕ್ಕಳಿಗೂ ಗೊತ್ತು. ಇಡೀ ಹುಬ್ಬಳ್ಳಿಯಲ್ಲಿ ಗೊತ್ತಿಲ್ಲದವರು ಒಬ್ಬರೇ: ಗಟಾರದ ಹೊಣೆ ಹೊತ್ತ ಸಾಹೇಬರು.

ಮಳೆ ಬಿದ್ದ ಮರುದಿನ ಅವರ ಬಾಯಿಂದ ಬರುವ ಮೊದಲ ಶಬ್ದ 'ಅನಿರೀಕ್ಷಿತ'. ಮಿರಗ, ಆರಿದ್ರಾ, ಪುಷ್ಯ, ಮಘಿ, ಹುಬ್ಬಿ, ಉತ್ತರಿ, ಚಿತ್ತಿ, ಸ್ವಾತಿ ಎಂದು ಹದಿಮೂರು-ಹದಿನಾಲ್ಕು ದಿನಕ್ಕೊಂದು ಹೆಸರಿಟ್ಟು ಕರೆದವರು ನಾವು. ಜಿಟಿಜಿಟಿ ಬೇರೆ, ಜಡಿ ಬೇರೆ. ಮಳೆ 'ಹಿಡಿಯಿತು' ಅಂದರೆ ಒಂದರ್ಥ, 'ಹೊಳವಾಯಿತು' ಅಂದರೆ ಇನ್ನೊಂದು. ಕಚೇರಿಯ ನಿಘಂಟಿನಲ್ಲಿ ಇಷ್ಟಕ್ಕೂ ಸೇರಿ ಒಂದೇ ಶಬ್ದ. ಕತ್ತೆ ಏರಿ ಬಂದ ವರ್ಷವೂ ಮಳೆರಾಯ ಜೀಪಿನಲ್ಲಿ ಬರುವವರಿಗಿಂತ ಮೊದಲೇ ಮುಟ್ಟಿದ್ದಾನೆ ಎಂಬುದನ್ನು ಯಾರೂ ಕಡತಕ್ಕೆ ಹಚ್ಚಿಲ್ಲ.

ಹಾಗಂತ ಅವರು ಸುಮ್ಮನೆ ಕೂತಿರುತ್ತಾರೆ ಅನ್ನಬೇಡಿ. ಈ ಸಲ ಮಿರಗಕ್ಕೆ ಎರಡು ದಿನ ಮುಂಚೆ ನಮ್ಮ ಓಣಿಯ ಗಟಾರದ ಹೂಳು ತೆಗೆಸಿದರು. ತೆಗೆದು ಎಲ್ಲಿಟ್ಟರು? ಗಟಾರದ ದಂಡೆಯ ಮೇಲೆ. ಮಾರಿಗೊಂದು ಗುಡ್ಡೆ. ಕರಿ ರಾಡಿಯ ನಡುವೆ ಗುಟ್ಕಾ ಚೀಟಿ, ತೆಂಗಿನ ಕರಟ, ಒಂಟಿ ಹವಾಯಿ ಚಪ್ಪಲಿ. "ಒಣಗಲಿ, ಆಮ್ಯಾಲೆ ಒಯ್ತೀವ್ರಿ" ಅಂದ ಮೇಸ್ತ್ರಿ. ರಾತ್ರಿ ಮಳೆ ಬಂತು. ಅಷ್ಟೂ ಗುಡ್ಡೆಯನ್ನು, ಚಪ್ಪಲಿ ಸಮೇತ, ಇದ್ದಲ್ಲಿಗೇ ಒಯ್ದು ಹಾಕಿತು, ಕೂಲಿ ಕೇಳದೆ. ಬೆಳಿಗ್ಗೆ ನನ್ನ ಸ್ಕೂಟರಿನ ಸೀಟಷ್ಟೇ ಕಾಣುತ್ತಿತ್ತು.

"ಮಳಿ ಬರ್ತದಂತ ಇವ್ರಿಗೆ ಗೊತ್ತಿರಲಿಲ್ಲೇನ್ರಿ ಕಾಕಾ?" ಎಂದು ಪಕ್ಕದ ಮನೆಯವರನ್ನು ಕೇಳಿದೆ.

"ಗೊತ್ತಿರಲಾರದ ಏನಪಾ! ಗೊತ್ತೈತಿ ಅಂದ್ರ ಟೆಂಡರ್ ಕರೀಬೇಕು. ಗೊತ್ತಿರಲಿಲ್ಲ ಅಂದ್ರ ತುರ್ತು ಕಾಮಗಾರಿ. ಬ್ಯಾರೆನ ಬಿಲ್ಲು."

ಮುಂಗಾರು ಪೂರ್ವಸಿದ್ಧತಾ ಸಭೆಯೂ ಆಯಿತು, ಮಳೆ ಶುರುವಾದ ಐದನೇ ದಿನ. ತಗಡಿನ ಮೇಲೆ ಬೀಳುವ ಮಳೆಯ ಸದ್ದಿಗೆ ಸಾಹೇಬರ ಮಾತು ಅರ್ಧ ಕೇಳಲಿಲ್ಲ, ಕೇಳಿದ ಅರ್ಧ ಹೀಗಿತ್ತು: "ಮುಂದಿನ ವರ್ಷದೊಳಗ ಮುಗಸ್ತೀವಿ." ಕನ್ನಡದಲ್ಲಿ ವರ್ಷ ಅಂದರೆ ಹನ್ನೆರಡು ತಿಂಗಳೂ ಹೌದು, ಮಳೆಯೂ ಹೌದು. ಯಾವ ಅರ್ಥದಲ್ಲಿ ಹೇಳಿದರೋ ಎಂದು ನಾವು ತಲೆ ಕೆಡಿಸಿಕೊಂಡಿದ್ದೇವೆ. ಅದೇ ಸಂಜೆ ಇನ್ನೊಂದು ವರ್ಷ ಬಿದ್ದು ಹೋಯಿತು.

ರಸ್ತೆಯದ್ದೂ ಇದೇ ಹಾಡು. ಇಲ್ಲಿಯ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಜೋಳ, ಹತ್ತಿ ಬಿತ್ತುವವರಿಗೆ ತಲೆಮಾರುಗಳಿಂದ ಗೊತ್ತಿರುವ ಈ ಸಂಗತಿ ಡಾಂಬರು ಹಾಸುವವರಿಗೆ ಪ್ರತಿ ಸಲವೂ ಹೊಸ ಸುದ್ದಿ.

ನವಲಗುಂದದ ಕಡೆಯವರಿಗೆ ಈ ನಗೆ ಕೂಡ ತುಟ್ಟಿ. ಅಲ್ಲಿ ಹರಿಯುವುದು ಬೆಣ್ಣಿಹಳ್ಳ, ಅದಕ್ಕೆ ಬಂದು ಕೂಡುವುದು ತುಪ್ಪರಿಹಳ್ಳ. ಬೆಣ್ಣೆ, ತುಪ್ಪ ಎರಡೂ ಊರ ಮುಂದೆ ಹರಿದರೂ, ಕೊಯ್ಲಿಗೆ ಬಂದ ಹೆಸರಿನ ಮೇಲೆ ಮಳೆ ಹಿಡಿದರೆ ಕಾಳು ಗಿಡದಲ್ಲೇ ಮೊಳಕೆ ಒಡೆಯುತ್ತದೆ. ಹೆಸರು ಕೆಡುತ್ತದೆ. ರೈತನ ಹೊಲದ್ದು, ಸಾಹೇಬರದ್ದಲ್ಲ.

ನಿನ್ನೆ ಮೇಸ್ತ್ರಿ ಮತ್ತೆ ಬಂದಿದ್ದ. ಮತ್ತೆ ಹೂಳು ತೆಗೆದರು, ಮತ್ತೆ ದಂಡೆ ಮೇಲಿಟ್ಟರು. ಆ ಒಂಟಿ ಚಪ್ಪಲಿಯನ್ನು ನಾನು ಗುರುತು ಹಿಡಿದೆ. ಕಾಕಾ ಒಳಗೆ ಹೋಗಿ ಕ್ಯಾಲೆಂಡರು ನೋಡಿಕೊಂಡು ಬಂದರು.

"ಆರಿದ್ರಾ 22ಕ್ಕ ಐತಿ. ವಾಹನ ಕಪ್ಪಿ," ಅಂದವರೇ, ಧೋತರ ಮೇಲಕ್ಕೆ ಕಟ್ಟಿ, ತಮ್ಮ ಸ್ಕೂಟರನ್ನು ಕಟ್ಟೆಯ ಮೇಲೆ ಏರಿಸತೊಡಗಿದರು. ನಾನು ಹಿಂದಿನಿಂದ ಕೈ ಹಚ್ಚಿದೆ.