ಹದಿನಾಲ್ಕು ಪರ್ಸೆಂಟ್

ಹೋದ ಭಾನುವಾರ ಅಕ್ಕನ ಮಗಳ ಮದುವೆಗೆ ಸರ ತಗೊಳ್ಳೋಕೆ ಅಮ್ಮ, ಅಕ್ಕ, ನಾನು ಜಯನಗರದ ದೊಡ್ಡ ಶೋರೂಮೊಂದಕ್ಕೆ ಹೋಗಿದ್ವಿ. 20 ಗ್ರಾಂ ಸರ, ವೇಸ್ಟೇಜ್ (ಮಾಡುವಾಗ ಆಗೋ ಸವಕಳಿ ಅಂತ ಬಿಲ್ಲಿಗೆ ಸೇರಿಸೋ ಚಿನ್ನದ ಲೆಕ್ಕ) 14 ಪರ್ಸೆಂಟ್ ಅಂದ್ರು. ಅಕ್ಕ ಚೌಕಾಸಿಗೆ ಕೂತಳು. ಅಂಗಡಿ ಹುಡುಗ ಹೋಗಿ ಮ್ಯಾನೇಜರ್‌ನ ಕರ್ಕೊಂಡು ಬಂದ. ಅವರು ಕ್ಯಾಲ್ಕುಲೇಟರ್ ಒತ್ತಿ 11 ಮಾಡಿದ್ರು. "ಆ ಮೂರು ಪರ್ಸೆಂಟ್ ಇಷ್ಟು ಹೊತ್ತು ಎಲ್ಲಿ ಸವೀತಿತ್ತು ಸಾರ್?" ಅಂದೆ. "ನಿಮಗೋಸ್ಕರ ಮೇಡಂ" ಅಂದ್ರು. ಕಾಫಿನೂ ಬಂತು.

ಹಳೇ ಕಾಲವೇ ಚೆನ್ನಾಗಿತ್ತು ಅನ್ನೋಳಲ್ಲ ನಾನು. ಅಕ್ಕನ ಚಿನ್ನದಲ್ಲೂ ಅಕ್ಕಸಾಲಿಗ ಗುಲಗಂಜಿಯಷ್ಟು ಕದಿಯದೆ ಬಿಡ ಅಂತ ಗಾದೆ ಕಟ್ಟಿದ ಜನ ನಾವು. ಬೆಂಗಳೂರಿನ ಹಳೇ ಅಕ್ಕಸಾಲಿಗರ ಪೇಟೆಯಾದ ನಗರ್ತಪೇಟೆಯಲ್ಲಿ ಮಾಡಿಸಿದ ಅಮ್ಮನ ಅವಲಕ್ಕಿ ಸರವನ್ನು ವರ್ಷಗಳಾದ ಮೇಲೆ ಮೆಷಿನ್‌ಗೆ ಇಟ್ಟಾಗ, 22 ಕ್ಯಾರೆಟ್ ಅಂತ ನಂಬಿದ್ದು 19ರ ಹತ್ತಿರ ನಿಂತಿತ್ತು. ಬೆಸುಗೆಯದ್ದೋ, ಬೇರೆ ಕೈವಾಡವೋ, ಕೇಳೋಣವೆಂದರೆ ಮಾಡಿದವರೂ ಇಲ್ಲ.

ಊರೂರಲ್ಲೂ ಶಾಖೆ ಇರೋ ಈ ಚೈನ್ ಅಂಗಡಿಗಳು ಬೆಳೆದದ್ದೇ ಈ ಅನುಮಾನದ ಮೇಲೆ. ಅದಕ್ಕೂ ಮುಂಚೆ ಚಿನ್ನದ ವ್ಯಾಪಾರದ ಮೇಲೆ ಸರ್ಕಾರದ್ದೇ ಹಿಡಿತ: 1963ರಲ್ಲಿ ಹೊಸ ಒಡವೆ 14 ಕ್ಯಾರೆಟ್ ಮೀರಬಾರದು ಅಂತ ನಿಯಮ, 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆ. 1990ರಲ್ಲಿ ಕಾಯ್ದೆ ಹೋಯಿತು. 1993ರಲ್ಲಿ ತ್ರಿಶೂರಿನಲ್ಲಿ ಕಲ್ಯಾಣ್, ಕೋಝಿಕ್ಕೋಡಿನಲ್ಲಿ ಮಲಬಾರ್ ಶುರುವಾದವು. ಟೈಟನ್‌ನವರ ತನಿಷ್ಕ್ 1996ರಲ್ಲಿ ಚೆನ್ನೈಯಲ್ಲಿ ಮೊದಲ ಅಂಗಡಿ ತೆರೆಯಿತು. 18 ಕ್ಯಾರೆಟ್ ಇಟ್ಟುಕೊಂಡು ಬಂದರೆ ನಮ್ಮ ಹೆಂಗಸರು ಕಣ್ಣೆತ್ತಿ ನೋಡ್ತಾರಾ? ಆಮೇಲೆ 22ಕ್ಕೆ ಬಂದರು, ಶುದ್ಧತೆ ಅಳೆಯುವ ಕ್ಯಾರಟ್‌ಮೀಟರನ್ನು ಗಿರಾಕಿಯ ಕಣ್ಣೆದುರೇ ಇಟ್ಟರು. ಒರೆಗಲ್ಲು ಹೇಳಿದ್ದು ಅಕ್ಕಸಾಲಿಗನಿಗೆ ಮಾತ್ರ ಅರ್ಥವಾಗ್ತಿತ್ತು. ಪರದೆ ಮೇಲಿನ ಅಂಕಿಯನ್ನು ಅಮ್ಮನೂ ಓದಿದಳು.

ಅಲ್ಲಿಗೆ ಕ್ಯಾರೆಟ್ ಜಗಳ ಮುಗಿಯಿತು. ಸವಕಳಿ ಮಾತ್ರ ಉಳ್ಕೊಂಡಿತು.

ಕೈಯಲ್ಲಿ ಕೆಲಸ ಮಾಡುವಾಗ ಅರ ಉಜ್ಜಿದರೆ ಪುಡಿ ಉದುರುತ್ತೆ, ನಿಜ. ಅದೂ ಪೂರ್ತಿ ದಂಡವಾಗ್ತಿರಲಿಲ್ಲ, ಅಕ್ಕಸಾಲಿಗರ ಅಂಗಡಿ ಮಣ್ಣು ತೊಳೆದು ಚಿನ್ನ ತೆಗೆಯೋ ಜಲಗಾರರೇ ಇದ್ದರು. ಮೆಷಿನ್ ಹೆಣೆದ ಸರದಲ್ಲಿ 14 ಪರ್ಸೆಂಟ್ ಎಲ್ಲಿ ಉದುರುತ್ತೆ? ಲೆಕ್ಕ ಹಾಕಿ. ಗ್ರಾಂಗೆ 5,000 ಇದ್ದಾಗ ಈ ಸರದ ವೇಸ್ಟೇಜ್ 14,000. ಗ್ರಾಂ 10,000 ಆದರೆ 28,000. ಅದೇ ಸರ, ಅದೇ ಮೆಷಿನ್, ಅದೇ ಕೆಲಸ. ನಗರ್ತಪೇಟೆಯ ಮಹಡಿ ಕೋಣೆಗಳಲ್ಲಿ ಬಗ್ಗಿ ಕೂತಿರೋ ಬಂಗಾಳಿ ಹುಡುಗರ ಕೂಲಿ ಹೀಗೆ ಡಬಲ್ ಆಗಿದೆಯಾ, ಒಮ್ಮೆ ಹೋಗಿ ಕೇಳಿ. ಇದೆಲ್ಲದರ ಮೇಲೆ 3 ಪರ್ಸೆಂಟ್ ಜಿಎಸ್‌ಟಿ, ಅಂದರೆ ವೇಸ್ಟೇಜಿಗೂ ತೆರಿಗೆ. ನಾವೋ, ಹಾಲ್‌ಮಾರ್ಕಿನ 45 ರೂಪಾಯಿಗೆ ತಕರಾರು ತೆಗೀತೀವಿ.

ಚಿನ್ನದ ದರದಲ್ಲಿ ಅಂಗಡಿಗೆ ದೊಡ್ಡ ಗಿಟ್ಟುವಳಿ ಇಲ್ಲ, ಗಳಿಕೆಯೆಲ್ಲ ಮಜೂರಿ, ಕಲ್ಲು, ವಜ್ರದಲ್ಲಿ. ಬಂಡವಾಳದಲ್ಲೂ ಚಾಲಾಕಿ ಇದೆ. ಬ್ಯಾಂಕು ದುಡ್ಡಿನ ಬದಲು ಚಿನ್ನವನ್ನೇ ಸಾಲ ಕೊಡುತ್ತೆ. ಇನ್ನೊಂದಿಷ್ಟು ನಮ್ಮದೇ ತಿಂಗಳ ಸ್ಕೀಮ್ ದುಡ್ಡು: ಹನ್ನೊಂದು ತಿಂಗಳು ಕಂತು ಕಟ್ಟಿ, ಕೊನೆಗೆ ಒಡವೆ ತಗೊಳ್ಳೋದು. ಕಂತು ಹನ್ನೊಂದಕ್ಕೇ ಯಾಕೆ ನಿಲ್ಲುತ್ತೆ ಗೊತ್ತಾ? 2014ರ ಠೇವಣಿ ನಿಯಮದ ಪ್ರಕಾರ ಕಂಪನಿ ತಗೊಂಡ ಮುಂಗಡಕ್ಕೆ 365 ದಿನದೊಳಗೆ ಸರಕು ಕೊಡಬೇಕು, ಇಲ್ಲದಿದ್ದರೆ ಅದು ಠೇವಣಿ ಅನ್ನಿಸಿಕೊಳ್ಳುತ್ತೆ. ಬಡ್ಡಿಯ ಜಾಗದಲ್ಲಿ ನಮಗೆ ಸಿಗೋದು ವೇಸ್ಟೇಜಿನಲ್ಲಿ ರಿಯಾಯಿತಿ. ಅವರೇ ಬರೆದ ವೇಸ್ಟೇಜು, ಅವರೇ ಕೊಟ್ಟ ರಿಯಾಯಿತಿ!

ಬಿಲ್ ಆಗುವಾಗ ಸರದ ಮೇಲಿನ ಎಚ್‌ಯುಐಡಿಯನ್ನು (ಒಂದೊಂದು ಒಡವೆಗೂ ಬೇರೆಯಾಗಿರೋ ಹಾಲ್‌ಮಾರ್ಕ್ ಗುರುತು) ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆಪ್‌ಗೆ ಹಾಕಿದೆ. 2023ರ ಏಪ್ರಿಲ್ 1ರಿಂದ ಅಕ್ಷರ, ಅಂಕಿ ಸೇರಿ ಆರಿರೋ ಈ ಗುರುತು ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಒಳ್ಳೇ ವ್ಯವಸ್ಥೆ, ಎಲ್ಲರೂ ಬಳಸಿ. ಅಂಗಡಿಯ ನೋಂದಣಿ, ಪರೀಕ್ಷಿಸಿದ ಕೇಂದ್ರ, ಶುದ್ಧತೆ ಎಲ್ಲ ಬಂತು.

ಅಮ್ಮ ಬಗ್ಗಿ ನೋಡಿ, "ಮಾಡಿದೋರು ಯಾರಂತೆ?" ಅಂದಳು.

"ಅದು ಇದರಲ್ಲಿ ಬರಲ್ಲಮ್ಮ" ಅಂದೆ. ಅಷ್ಟೊತ್ತಿಗೆ ಆ ಕಡೆ ಕೌಂಟರಲ್ಲಿ ಅಕ್ಕ ಇನ್ನೊಂದು ಹನ್ನೊಂದು ತಿಂಗಳ ಸ್ಕೀಮಿಗೆ ಸಹಿ ಹಾಕ್ತಿದ್ದಳು.