ಮುಖವಾಡಕ್ಕೂ ಮಾನವಿದೆ

ಅಮೆರಿಕದಲ್ಲಿ ನೆಲೆಸಿ ಇಲ್ಲಿನ ಕುಸ್ತಿಯನ್ನೂ ಪಕ್ಕದ ಮೆಕ್ಸಿಕೋದ ಕುಸ್ತಿಯನ್ನೂ ನೋಡುತ್ತಾ ಬಂದ ನನಗೆ ಒಂದು ಮಾತು ಹೇಳಲೇಬೇಕು ಅನಿಸಿದೆ: ಮುಖವಾಡದ ಬೆಲೆ ಗೊತ್ತಿರುವುದು ಮೆಕ್ಸಿಕೋದವರಿಗೆ. ಹಾಗಂತ ಅದು ಅಲ್ಲೇ ಹುಟ್ಟಿದ್ದೇನೂ ಅಲ್ಲ. 1915ರಲ್ಲೇ ನ್ಯೂಯಾರ್ಕಿನ ಒಂದು ಪಂದ್ಯಾವಳಿಗೆ ಮಾರ್ಟ್ ಹೆಂಡರ್ಸನ್ 'ಮಾಸ್ಕ್ಡ್ ಮಾರ್ವೆಲ್' ಎಂಬ ಹೆಸರಿನಲ್ಲಿ ಮುಖ ಮುಚ್ಚಿಕೊಂಡು ಬಂದಿದ್ದರು. ಜನ ಸೇರಿಸುವ ಉಪಾಯ, ಅಷ್ಟೇ.

ಮೆಕ್ಸಿಕೋದಲ್ಲಿ ಅದು ಮಾನದ ಪ್ರಶ್ನೆಯಾಯಿತು. ಅಲ್ಲಿನ ಲೂಚಾ ಲಿಬ್ರೆ ಎಂಬ ಕುಸ್ತಿ ಪ್ರದರ್ಶನದಲ್ಲಿ ನೇರವಾಗಿ ಆಡುವ ನಾಯಕ ಟೆಕ್ನಿಕೋ, ಕಳ್ಳಾಟದ ಖಳ ರೂಡೋ. ಎದುರಾಳಿಯ ಮುಖವಾಡ ಕಿತ್ತರೆ ಕಿತ್ತವನಿಗೇ ಸೋಲು ಖಚಿತ. ಆದರೂ ರೂಡೋನ ಕೈ ಸುಮ್ಮನಿರುವುದಿಲ್ಲ. ರೆಫರಿ ಅತ್ತ ತಿರುಗಿದ್ದೇ ತಡ, ತಲೆಯ ಹಿಂದಿನ ಲಾಡಿ ಬಿಚ್ಚಲು ಶುರು. ಕೆಳಗೆ ಬಿದ್ದವನು ಪೆಟ್ಟು ತಡೆಯುವುದನ್ನು ಬಿಟ್ಟು ಎರಡೂ ಕೈಯಿಂದ ಮುಖ ಹಿಡಿದುಕೊಳ್ಳುತ್ತಾನೆ. ಪಕ್ಕೆಲುಬು ಮುರಿದರೂ ಚಿಂತೆಯಿಲ್ಲ, ಮುಖ ಕಾಣಬಾರದು!

ಮುಖವಾಡವನ್ನೇ ಪಣಕ್ಕಿಟ್ಟು ಸೋತವನು ರಿಂಗಿನಲ್ಲೇ ಅದನ್ನು ಬಿಚ್ಚಿ ಗೆದ್ದವನ ಕೈಗೆ ಕೊಡಬೇಕು. ತನ್ನ ನಿಜವಾದ ಹೆಸರು, ಹುಟ್ಟೂರು, ಎಷ್ಟು ವರ್ಷದಿಂದ ಆಡುತ್ತಿದ್ದೇನೆ ಎಂಬುದನ್ನು ಎಲ್ಲರೆದುರು ಹೇಳಬೇಕು. 1952ರಲ್ಲಿ ಎಲ್ ಸಾಂತೋ ಹೀಗೆ ಬ್ಲ್ಯಾಕ್ ಶ್ಯಾಡೋ ಅವರ ಮುಖವಾಡ ಗೆದ್ದಾಗ, ಸೋತವರ ಜೊತೆಗಾರ ಬ್ಲೂ ಡೀಮನ್ ಸೇಡಿಗೆ ನಿಂತರು. ಮರುವರ್ಷ ಸಾಂತೋ ಅವರ ವೆಲ್ಟರ್‌ವೇಟ್ ಪಟ್ಟವನ್ನೇ ಕಿತ್ತುಕೊಂಡರು. ಮುಂದೆ ಇಡೀ ದೇಶದ ಆರಾಧ್ಯ ನಾಯಕನಾದ ಸಾಂತೋ ಆಗಿನ್ನೂ ರೂಡೋ! ಖಳನಾಗಿದ್ದಾಗ ತೊಟ್ಟ ಬೆಳ್ಳಿ ಮುಖವಾಡವನ್ನೇ ತೊಟ್ಟು ಅವರು ನಾಯಕರಾದರು. ಜನ ನಂಬಿದ್ದು ಆ ಮುಖವಾಡವನ್ನು.

ಅಮೆರಿಕದ ರೀತಿಯೇ ಬೇರೆ. ನ್ಯೂಯಾರ್ಕ್ ರಾಜ್ಯದಲ್ಲಿ ಮುಖವಾಡಕ್ಕೆ ನಿಷೇಧವಿತ್ತು; ಅಲ್ಲಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣದಲ್ಲಿ ಆ ಅಡ್ಡಿ ದಾಟಿ ಮುಖವಾಡದಲ್ಲೇ ಆಡಿದ್ದು 1972ರಲ್ಲಿ, ಮೆಕ್ಸಿಕೋದ ಮಿಲ್ ಮಾಸ್ಕರಾಸ್. ನಿಷೇಧ ಹೋದ ಮೇಲೂ ಮರ್ಯಾದೆ ಬರಲಿಲ್ಲ. ಮುಖವಾಡದ ಕುಸ್ತಿಪಟು ರೇ ಮಿಸ್ಟೀರಿಯೋ ಅವರಿಗೆ ಆ ಹೆಸರು ಬಂದದ್ದು ಕುಟುಂಬದ ಹಿರಿಯರಿಂದ. 1999ರಲ್ಲಿ ಡಬ್ಲ್ಯೂಸಿಡಬ್ಲ್ಯೂ ಎಂಬ ಅಮೆರಿಕದ ಕುಸ್ತಿ ಕಂಪನಿ ಅವರ ಮುಖವಾಡ ತೆಗೆಸಿತು, ಅದೂ ಅವರಿಗೆ ಇಷ್ಟವಿಲ್ಲದೆ. 2002ರಲ್ಲಿ ಇನ್ನೊಂದು ಕಂಪನಿ ಡಬ್ಲ್ಯೂಡಬ್ಲ್ಯೂಇ ಮತ್ತೆ ತೊಡಿಸಿತು. ಅಭಿಮಾನಿಯಾಗಿ ನನಗೆ ಖುಷಿಯಾಯಿತು ನಿಜ, ಆದರೆ ತೆಗೆಸಿದ್ದೂ ತೊಡಿಸಿದ್ದೂ ಕಂಪನಿಯ ಲೆಕ್ಕಾಚಾರವೇ.

ಜಪಾನನ್ನೂ ನೋಡಿ. ಅಲ್ಲಿನ ಕುಸ್ತಿಪಟು ಗ್ರೇಟ್ ಸಾಸುಕೆ 2003ರಲ್ಲಿ ಇವಾಟೆ ಪ್ರಾಂತ್ಯದ ಶಾಸನಸಭೆಗೆ ಗೆದ್ದು, ಆಕ್ಷೇಪಗಳ ನಡುವೆಯೂ ಮುಖವಾಡದಲ್ಲೇ ಸದನದಲ್ಲಿ ಕೂತರು. ಇಲ್ಲಿ ಕೆಂಪು ಮುಖವಾಡದ ಖಳ ಕೇನ್ ಆಗಿ ಮೆರೆದ ಗ್ಲೆನ್ ಜೇಕಬ್ಸ್ 2018ರಲ್ಲಿ ಟೆನೆಸಿಯ ನಾಕ್ಸ್ ಕೌಂಟಿಯ ಮೇಯರ್ ಆಗಿದ್ದು ಬರಿಮುಖದಲ್ಲಿ, ಸ್ವಂತ ಹೆಸರಿನಲ್ಲಿ. ತಪ್ಪೇನಿಲ್ಲ. ಆದರೆ ಮತ ಹಾಕಿದ ಇವಾಟೆಯ ಜನಕ್ಕೆ ಆ ಮುಖವಾಡವೇ ಮನುಷ್ಯನ ಮುಖವಾಗಿತ್ತು, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಈಗ ಇದನ್ನೆಲ್ಲ ಬರೆಯಲು ಕಾರಣವಿದೆ. ಮೆಕ್ಸಿಕೋದ ಎಎಎ ಎಂಬ ಕುಸ್ತಿ ಸಂಸ್ಥೆಯನ್ನು ಕೊಳ್ಳುವುದಾಗಿ ಡಬ್ಲ್ಯೂಡಬ್ಲ್ಯೂಇ 2025ರಲ್ಲಿ ಪ್ರಕಟಿಸಿತು. ಹಣ, ಪ್ರಚಾರ ಎಲ್ಲ ಬರಲಿ, ಅಲ್ಲಿನ ಆಟಗಾರರಿಗೆ ಒಳ್ಳೆಯದಾಗಲಿ. ಆದರೆ ಯಾರ ಮುಖವಾಡ ಯಾವಾಗ ಕಳಚಬೇಕೆಂಬುದು ಟಿವಿ ರೇಟಿಂಗ್ ನೋಡಿ ತೀರ್ಮಾನವಾಗಬಾರದು. ಪಣಕ್ಕಿಟ್ಟು ಸೋತವರ ಮುಖವಾಡವನ್ನು ಮೂರು ವರ್ಷ ಬಿಟ್ಟು ಮತ್ತೆ ತೊಡಿಸಲೂಬಾರದು.